ಮಾನ್ವಿಗೆ ಕೊಟ್ಟ ತಾರು

೯ ಫೆಬ್ರವರಿ ೧೯೮೧, ಸೋಮವಾರ. ರಾಯಚೂರು

ನಲ್ಲಿಯಲ್ಲಿ ಇವತ್ತೂ ನೀರಿಲ್ಲ. ಓಣಿಯ ಬೋರಿಂಗಿನಿಂದ ಎರಡು ಕೊಡ ಹೊತ್ತು ತಂದೆ. ಹತ್ತಕ್ಕೆ ಆಫೀಸು. ಮೀನುಮರಿಗಳ ರಿಪೋರ್ಟು, ಮೂರು ಪ್ರತಿ. ಕಾರ್ಬನ್ ಹಳೆಯದು, ಮೂರನೆಯ ಪ್ರತಿ ಓದಲು ಬರುವುದಿಲ್ಲ. ಓದುವವರೂ ಇಲ್ಲ.

ಮಧ್ಯಾಹ್ನ ಜಂಬಣ್ಣ ಟಪಾಲಿನ ಜೊತೆ ಬಂದು, ತಗೋ ಅಯ್ಯಪ್ಪ, ನಿನ್ನ ಪಾಸ್‌ಪೋರ್ಟ್ ಅಂತ ಟೇಬಲ್ಲಿನ ಮೇಲೆ ಒಗೆದ. ಎಲ್ಲರೂ ಬಂದು ಮುತ್ತಿದರು. ಆರು ತಿಂಗಳು ನಾರ್ವೆ, ಮೀನು ಸಾಕಣೆ ತರಬೇತಿ, ಖರ್ಚೆಲ್ಲ ಅವರದು. ಫೀಲ್ಡ್‌ಮನ್ ಆಗಿ ಒಂಬತ್ತು ವರ್ಷ ಕೆರೆ ಕೆರೆ ಸುತ್ತಿದ್ದಾಯಿತು... ಸರ್ಟಿಫಿಕೇಟ್ ತಂದರೆ ಇನ್‌ಸ್ಪೆಕ್ಟರ್. ಪೇಢೆ ತರಿಸಿದೆ. ನನ್ನ ಪಾಲಿನದು ಮಾತ್ರ ಕಾಗದದಲ್ಲೇ ಉಳಿಯಿತು. ಈ ಸುದ್ದಿಯನ್ನು ಮೊದಲು ಯಾರಿಗೆ ಹೇಳಬೇಕಿತ್ತೋ ಆ ಅಣ್ಣ ಏಳು ತಿಂಗಳಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ.

೧೪ ಫೆಬ್ರವರಿ, ಶನಿವಾರ. ದೇವದುರ್ಗ

ಸಂಜೆ ಬಸ್ಸಿಗೆ ಬಂದೆ. ನಿಂತೇ ಬಂದೆ. ಮಾನಮ್ಮ ಶಾಲೆಯಿಂದ ಬಂದು ರೊಟ್ಟಿ ಬಡಿಯುತ್ತಿದ್ದಳು. ಹೆಂಡತಿಯ ನೌಕರಿ ಇಲ್ಲಿ, ನನ್ನ ನೌಕರಿ ರಾಯಚೂರಿನಲ್ಲಿ, ಸಂಸಾರ ಶನಿವಾರಕ್ಕೊಮ್ಮೆ. ಪಾಸ್‌ಪೋರ್ಟ್ ತೋರಿಸಿದೆ. ಫೋಟೋದಲ್ಲಿ ಥೇಟ್ ಕಳ್ಳನಂಗೆ ಕಾಣುತ್ತೀರಿ ಅಂದಳು. ಆಮೇಲೆ ಅದನ್ನೇ ಕೇಳಿದಳು, ಭಾವನಿಗೆ ಹೇಳಿದಿರಾ? ಇಲ್ಲ ಅಂದೆ. ಅವರಿಗೆ ಹೇಳದೆ ವಿಮಾನ ಹತ್ತುತ್ತೀರಾ ಅಂದಳು. ಸಿಟ್ಟು ಬಂತು. ಅವಳ ಮೇಲಲ್ಲ.

ಇಲ್ಲಿಯಾದರೂ ನೆಟ್ಟಗೆ ಬರೆದಿಡಬೇಕು. ಹೋದ ವರ್ಷ ಜುಲೈ. ಮೀನು ಮೊಟ್ಟೆ ಇಡುವ ಕಾಲ, ಸಣ್ಣ ಕಣ್ಣಿನ ಬಲೆ ಹಾಕುವಂತಿಲ್ಲ. ಸಾಹೇಬರ ಜೀಪಿನಲ್ಲಿ ತುಂಗಭದ್ರೆಯ ದಂಡೆಗುಂಟ ಹೋದೆವು. ನಮ್ಮೂರು ಚೀಕಲಪರ್ವಿಯಲ್ಲಿ ನಾಲ್ಕು ಬಲೆ ಸಿಕ್ಕವು. ಮೂರನೆಯದು ಅಣ್ಣ ತಾಯಣ್ಣನದು. ನೋಡಿದ ಕೂಡಲೇ ಗುರುತು ಹಿಡಿದೆ, ಅವನು ಪ್ರತಿ ಗಂಟಿಗೂ ಎರಡು ಸುತ್ತು ಹಾಕುತ್ತಾನೆ. ಗದ್ದೆಯ ಕೂಲಿ ಮುಗಿಸಿ ಬಂದು ಎರಡು ತಿಂಗಳು ಕೂತು ಹೆಣೆದ ಬಲೆ. ಸಾಹೇಬರು ನನ್ನ ಕೈಗೆ ಚೂರಿ ಕೊಟ್ಟರು. ಇದು ನಮ್ಮಣ್ಣನದು ಸರ್ ಅಂದಿದ್ದರೆ ಆಗುತ್ತಿತ್ತು, ಬೇರೆ ಯಾರಾದರೂ ಕತ್ತರಿಸುತ್ತಿದ್ದರು. ಬಾಯಿ ಬರಲಿಲ್ಲ. ನಾರ್ವೆಯ ಅರ್ಜಿ ಸಾಹೇಬರ ಸಹಿಗೆ ಕಾದಿತ್ತು.

ಕತ್ತರಿಸಿದೆ. ಅಣ್ಣ ಹತ್ತು ಮಾರು ದೂರದಲ್ಲಿ ನಿಂತು ನೋಡಿದ. ಇವ ನನ್ನ ತಮ್ಮ ಅಂತ ಅವನೂ ಹೇಳಲಿಲ್ಲ. ಸಾಹೇಬರ ಮುಂದೆ ನನ್ನ ಮರ್ಯಾದೆ ಹೋದೀತು ಅಂತ ಸುಮ್ಮನಿದ್ದ. ಅವತ್ತಿನಿಂದ ಮಾತಿಲ್ಲ.

ಅಪ್ಪ ಸತ್ತ ಮೇಲೆ ನನ್ನ ಫೀಸು, ಪುಸ್ತಕ, ಅಂಗಿ ಎಲ್ಲ ಆ ಹೊಳೆಯ ಮೀನಿನಿಂದಲೇ ಬಂದದ್ದು.

೨೨ ಫೆಬ್ರವರಿ, ರವಿವಾರ

ಮಾನ್ವಿಯಲ್ಲಿ ಇಳಿದು ಪೀರಾ ಸಾಬನ ಅಂಗಡಿಯಲ್ಲಿ ಸೈಕಲ್ ತೆಗೆದುಕೊಂಡು ಊರಿಗೆ ಹೋದೆ. ಪೀರಾ ಸಾಬ್ ಅಣ್ಣನ ಗೆಳೆಯ. ಇಬ್ಬರೂ ಒಂದೇ ಬೀಡಿಯನ್ನು ಅರ್ಧರ್ಧ ಸೇದುವವರು. ಬಾಡಿಗೆ ಬೇಡ ಅಂದ. ಸುಮ್ಮನೆ ಹೋಗಿ ಕಾಲು ಹಿಡಿ, ಎಲ್ಲ ಮರೆತುಬಿಡುತ್ತಾನೆ ಅಂದ.

ಅಣ್ಣ ಹೊಳೆಗೆ ಹೋಗಿದ್ದ. ಅತ್ತಿಗೆ ದುರುಗಮ್ಮ ಅಂಗಳದಲ್ಲಿ ಚಾಪೆ ಹಾಸಿದಳು. ‘ಹೊಟ್ಟ್ಯಾಗ ಏನೂ ಇಟ್ಕೊಂಡಿಲ್ಲಪ್ಪ ಅವರು. ಮಾತು ಹೊರಗ ಬರವಲ್ದು, ಅಷ್ಟ’ ಅಂದಳು.

ಹೊಳೆಗೆ ಇಳಿದೆ. ಬಂಡೆಯ ಮೇಲೆ ಗಾಳ ಹಿಡಿದು ಕೂತಿದ್ದ. ಬಲೆ ಹೋದ ಮೇಲೆ ಈಗ ಗಾಳವೇ. ಅವನ ಬೆನ್ನಿಗೇ ಹೇಳಿದೆ, ಆರು ತಿಂಗಳು ಪರದೇಶಕ್ಕೆ ಹೋಗುತ್ತಿದ್ದೇನೆ. ತಿರುಗಲಿಲ್ಲ. ಮೀನೊಂದು ಸಿಕ್ಕಿತು, ಬಿಡಿಸಿದ, ಮತ್ತೆ ಎರೆ ಹಾಕಿದ. ಮುಂದೆ ಹೋಗಿ ಕಾಲು ಹಿಡಿಯಬೇಕಿತ್ತು. ನಡುವೆ ಮೊಣಕಾಲುದ್ದ ನೀರು. ನಾನು ಹೊಸ ಬೂಟು ಹಾಕಿಕೊಂಡಿದ್ದೆ. ಥೂ ನನ್ನ ಜನ್ಮಕ್ಕೆ! ಬೂಟು ಬಿಚ್ಚಲು ಎಷ್ಟು ಹೊತ್ತು ಬೇಕು?

ಊರು ದಾಟಿ ಹಿಂದೆ ನೋಡಿದಾಗ ಅಣ್ಣ ದಂಡೆ ಹತ್ತಿ ಬಂದು ದಾರಿಯಲ್ಲಿ ನಿಂತಿದ್ದ. ಸೈಕಲ್ ತಿರುಗಿಸಬೇಕು ಅನ್ನಿಸಿತು, ಬಸ್ಸು ತಪ್ಪುತ್ತದೆ ಅಂತ ತಿರುಗಿಸಲಿಲ್ಲ. ವಾಪಸ್ ಬಂದ ದಿನ ಮೊದಲು ಅಣ್ಣನ ಹತ್ತಿರ ಹೋಗುವುದು. ಮಾತಾಡಿಸದೆ ಬಿಡುವುದಿಲ್ಲ. ಇದೊಂದು ಆಗಲೇಬೇಕು.

೩ ಮಾರ್ಚ್, ಮಂಗಳವಾರ. ರಾಯಚೂರು ಸ್ಟೇಷನ್

ಬಾಂಬೆ ಗಾಡಿ ಒಂದೂವರೆ ತಾಸು ಲೇಟು. ಆಫೀಸಿನವರು ಹಾರ ಹಾಕಿದರು. ಮಾನಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾಳೆ. ಅತ್ತಿಗೆ ಸಜ್ಜೆರೊಟ್ಟಿ, ಶೇಂಗಾ ಹಿಂಡಿ ಕಳಿಸಿದ್ದಾಳೆ. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ನಡೆದೆ. ಅಣ್ಣ ಬಂದಿಲ್ಲ.

೧೯ ಏಪ್ರಿಲ್, ರವಿವಾರ. ನಾರ್ವೆ

ಇನ್ನೂ ಹಿಮ. ಶಾಲೆ ಊರಿನಿಂದ ಹೊರಗೆ, ಹಿಂದೆ ಮೀನಿನ ತೊಟ್ಟಿಗಳು. ಕೈ ಮುಳುಗಿಸಿದರೆ ಬೆರಳು ನನ್ನವಲ್ಲ ಅನ್ನಿಸುತ್ತದೆ. ಕಲಿಸುವವರು ಹಲ್ವರ್ ಅಂತ. ಐವತ್ತು ದಾಟಿದ ಮನುಷ್ಯ, ಕಡಿಮೆ ಮಾತು. ನಾನು ಬಾಲ್ದಿ ಎತ್ತಿದರೆ ಇನ್ನೊಂದನ್ನು ತಾವೇ ಎತ್ತುತ್ತಾರೆ. ನಮ್ಮ ಸಾಹೇಬರು ಇದನ್ನು ನೋಡಬೇಕಿತ್ತು.

ಜುಲೈನಲ್ಲಿ ಇಲ್ಲಿ ಶಾಲೆ, ಆಫೀಸು ಎಲ್ಲಕ್ಕೂ ಬೀಗ. ಜನ ಗುಡ್ಡ, ಕಾಡು, ನೀರು ಅಂತ ಹೋಗಿಬಿಡುತ್ತಾರೆ. ಹಲ್ವರ್ ಅವರಿಗೂ ಗುಡ್ಡದ ಮೇಲೊಂದು ಮರದ ಮನೆ ಇದೆಯಂತೆ, ಮುಂದೆಯೇ ಸರೋವರ. ಮೂರು ವಾರ ನಮ್ಮ ಜೊತೆ ಮೀನು ಹಿಡಿಯಲು ಬಾ ಅಂದರು. ಮೀನು ಹಿಡಿಯುವುದು ರಜೆಯಂತೆ! ಅಣ್ಣನಿಗೆ ಹೇಳಿದರೆ ನಗುತ್ತಾನೆ... ನಗುತ್ತಿದ್ದ.

ಅಣ್ಣನಿಗೆ ಮೂರು ಪತ್ರ ಹಾಕಿದೆ. ಅವನಿಗೆ ಓದು ಬಾರದು, ಯಾರಾದರೂ ಓದಿ ಹೇಳಿರಬೇಕು. ಉತ್ತರವಿಲ್ಲ.

೧೧ ಜುಲೈ, ಶನಿವಾರ. ಗುಡ್ಡದ ಮನೆ

ಕಾರು ಬಿಟ್ಟು ಎರಡು ತಾಸು ಹತ್ತಿದೆವು. ಹಲ್ವರ್, ಅವರ ಹೆಂಡತಿ ಸಿಗ್ರೀದ್, ನಾನು. ಬೆನ್ನಿಗೆ ಅಕ್ಕಿ, ಕಾಫಿ, ಬಲೆ, ಗಾಳದ ಕೋಲು. ಮಳೆ ಜಿಟಿಜಿಟಿ. ನಿಂತು ಹೋಗೋಣ ಅಂತ ಯಾರೂ ಅನ್ನಲಿಲ್ಲ. ಮಳೆಯಲ್ಲಿ ನಡೆಯುವುದೂ ರಜೆಯ ಲೆಕ್ಕವೇ.

ಕರೆಂಟಿಲ್ಲ, ಫೋನಿಲ್ಲ, ರೇಡಿಯೋ ಬೇಕೆಂದೇ ತಂದಿಲ್ಲ. ಕಟ್ಟಿಗೆ ಒಲೆ. ಸಂಡಾಸು ಐವತ್ತು ಹೆಜ್ಜೆ ಆಚೆ. ನನಗೆ ಹೊಸದೇನಲ್ಲ, ಚೀಕಲಪರ್ವಿಯಲ್ಲಿ ಇದೆಲ್ಲ ವರ್ಷವಿಡೀ ಉಂಟು. ಟೇಬಲ್ಲಿನಲ್ಲಿ ಕಿಟಕಿಯ ಪಕ್ಕದ ಜಾಗ ನನಗೇ ಬಿಟ್ಟರು. ಒಂದೇ ಪಾತ್ರೆಯಿಂದ ಮೂವರೂ ಉಂಡೆವು. ನಮ್ಮ ಕಡೆ ಹೋಟೆಲುಗಳಲ್ಲಿ ಅಣ್ಣನಿಗೆ ಇವತ್ತಿಗೂ ಚಹಾದ ಕಪ್ಪು ಬೇರೆ.

ಬಾಗಿಲ ಹತ್ತಿರ ಒಂದು ದಪ್ಪ ಪುಸ್ತಕ. ಬಂದವರೆಲ್ಲ ಅದರಲ್ಲಿ ದಿನದ ಹವೆ, ಸಿಕ್ಕ ಮೀನು ಬರೆಯಬೇಕು. ಹಲ್ವರ್ ಅವರ ತಂದೆಯ ಅಕ್ಷರವೂ ಇದೆ. ನಿನ್ನ ಭಾಷೆಯಲ್ಲಿ ಬರೆ ಅಂದರು. ಬರೆದೆ: ಮಳೆ. ಮೀನು ಇಲ್ಲ. ಕಾಲು ನೋವು.

೧೩ ಜುಲೈ, ಸೋಮವಾರ

ಮುಂಜಾನೆ ಹಲ್ವರ್ ದೋಣಿಗೆ ಕರೆದರು. ಕೈಗೆ ಬಲೆ ಕೊಟ್ಟರು. ಸಣ್ಣ ಕಣ್ಣು, ಎರಡು ಬೆರಳೂ ತೂರುವುದಿಲ್ಲ. ಇದು ಅಪರಾಧವಲ್ಲವೇ ಅಂದೆ. ನಕ್ಕರು. ಈ ನೀರಿನಲ್ಲಿ ಟ್ರೌಟ್ ವಿಪರೀತ ಹೆಚ್ಚಿವೆ, ತಿನ್ನಲು ಸಾಲದೆ ಬೆಳೆಯುವುದಿಲ್ಲ, ಸಣ್ಣವನ್ನು ತೆಗೆದರೆ ಉಳಿದವು ದೊಡ್ಡವಾಗುತ್ತವೆ ಅಂದರು. ಅಂದರೆ ಇಲ್ಲಿ ಸಣ್ಣ ಕಣ್ಣಿನ ಬಲೆ ಒಳ್ಳೆಯದು. ಅಲ್ಲಿ ಕೆಟ್ಟದ್ದು, ಅದೂ ನಿಜ. ಕಾನೂನು ತಪ್ಪಲ್ಲ. ಚೂರಿ ಹಿಡಿದ ಕೈ ಯಾರದು ಅನ್ನುವುದಷ್ಟೇ ತಪ್ಪು.

ಬಲೆ ಎಳೆದೆ. ಅರವತ್ತಕ್ಕೂ ಹೆಚ್ಚು ಸಿಕ್ಕವು. ನೀನು ಎಳೆಯುವುದು ಚೆನ್ನಾಗಿದೆ, ಯಾರು ಕಲಿಸಿದರು ಅಂತ ಕೇಳಿದರು. ನಮ್ಮಣ್ಣ ಅಂದೆ. ಮೀನು ಬಿಡಿಸಲು ಕೂತೆ.

೧೬ ಜುಲೈ, ಗುರುವಾರ. ಮಧ್ಯಾಹ್ನ ಮೂರು

ಕೆಳಗಿನ ಹಳ್ಳಿಯ ಅಂಗಡಿಯವನು ಗುಡ್ಡ ಹತ್ತಿ ಬಂದ. ಟೆಲಿಗ್ರಾಂ. ಶಾಲೆಗೆ ಮಂಗಳವಾರವೇ ಬಂದದ್ದಂತೆ. ಮಾನ್ವಿಯಿಂದ ಪೀರಾ ಸಾಬ್ ಸೋಮವಾರ ಕೊಟ್ಟದ್ದು. ಅಣ್ಣನಿಗೆ ಸೀರಿಯಸ್, ಕೂಡಲೇ ಹೊರಡು.

ಅಣ್ಣ ಹೋದ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸತ್ತರು ಅಂತ ತಾರಿನಲ್ಲಿ ಯಾರೂ ಬರೆಸುವುದಿಲ್ಲ. ದೂರದಲ್ಲಿದ್ದವನು ಒಬ್ಬನೇ ಇರುತ್ತಾನೆ, ದಾರಿಯಲ್ಲಿ ಏನಾದರೂ ಮಾಡಿಕೊಂಡಾನು ಅಂತ ಸೀರಿಯಸ್ ಅಂತಲೇ ಬರೆಸುತ್ತಾರೆ. ಅಪ್ಪ ಸತ್ತಾಗ ರಾಯಚೂರಿನ ಹಾಸ್ಟೆಲಿಗೆ ಬಂದದ್ದೂ ಇದೇ ತಾರು. ತಂದೆಗೆ ಸೀರಿಯಸ್. ಎದ್ದು ಬಿದ್ದು ಹೋದೆ, ಮಣ್ಣು ಕೊಟ್ಟು ಎರಡು ದಿನವಾಗಿತ್ತು. ಹೋದ ವರ್ಷ ಜಂಬಣ್ಣನಿಗೆ ತಾಯಿಗೆ ಸೀರಿಯಸ್ ಅಂತ ಬಂದಾಗ ಓದಿದ ಕೂಡಲೇ ಆಫೀಸೆಲ್ಲ ಎದ್ದು ನಿಂತೆವು. ಬದುಕಿದವರ ಕಾಯಿಲೆಗೆ ಸಮುದ್ರ ದಾಟಿಸಿ ಯಾರು ತಾರು ಕೊಡುತ್ತಾರೆ?

ಹಲ್ವರ್ ಕಾಗದ ಓದಿದರು. ಆಗಲೇ ಕಾರಿನ ಕೀಲಿ ಕೈಯಲ್ಲಿತ್ತು. ಈಗ ಇಳಿದರೆ ಸಂಜೆಯ ರೈಲು, ನಾಳೆ ವಿಮಾನ, ರವಿವಾರ ಬಾಂಬೆ, ಟಿಕೆಟ್ ನನಗೆ ಬಿಡು ಅಂದರು. ಬೇಡ ಅಂದೆ. ಸತ್ತುಹೋಗಿದ್ದಾನೆ, ಮಣ್ಣೂ ಆಗಿರುತ್ತದೆ ಅಂದೆ.

‘ಇದರಲ್ಲಿ ಕಾಯಿಲೆ ಅಂತ ಇದೆ. ಸತ್ತಿದ್ದರೆ ಸತ್ತ ಅಂತ ಯಾಕೆ ಬರೆಯಲಿಲ್ಲ?’

‘ನಾವು ಹಾಗೆ ಬರೆಯುವುದಿಲ್ಲ. ನಿಮಗೆ ತಿಳಿಯುವುದಿಲ್ಲ.’

ಸಿಗ್ರೀದ್ ಏನೋ ಹೇಳಹೊರಟರು. ಹಲ್ವರ್ ತಡೆದರು. ಖಾತ್ರಿಯೇ ಅಂತ ಇನ್ನೊಮ್ಮೆ ಕೇಳಿದರು. ಖಾತ್ರಿ ಅಂದೆ. ಕೀಲಿಯನ್ನು ಮೊಳೆಗೆ ನೇತು ಹಾಕಿದರು.

ಸರೋವರಕ್ಕೆ ಇಳಿದು ತಲೆಗೆ ಸ್ನಾನ ಮಾಡಿದೆ. ನೀರು ಕೊರೆಯುತ್ತಿತ್ತು. ಅಣ್ಣಾ ಅಂತ ಕೂಗಿದೆ. ಒಂದು ವರ್ಷ ಮಾತು ಬಿಟ್ಟವನು ಇನ್ನು ಪೂರ್ತಿ ಬಿಟ್ಟ. ಎಲ್ಲ ಮುಗಿಯಿತು. ಕಾಲು ಹಿಡಿಯುವುದು ಮುಗಿಯಿತು.

೧೭ ಜುಲೈ, ಶುಕ್ರವಾರ

ಹಲ್ವರ್ ಜೊತೆ ಕೆಳಗಿನ ಹಳ್ಳಿಯ ಪೋಸ್ಟಿಗೆ ಇಳಿದೆ. ಪೀರಾ ಸಾಬ್, ಸೈಕಲ್ ಅಂಗಡಿ, ಮಾನ್ವಿ. ಅಣ್ಣನ ಮನೆಯ ವಿಳಾಸಕ್ಕಿಂತ ಅದು ಬೇಗ ಮುಟ್ಟುತ್ತದೆ. ಇಂಗ್ಲಿಷಿನಲ್ಲಿ ಮೂರು ಸಾಲು: ಬರಲಾಗುವುದಿಲ್ಲ. ನನ್ನ ದಾರಿ ಕಾಯಬೇಡಿ. ಅಂತ್ಯಕ್ರಿಯೆ ಪೂರ್ತಿ ಮುಗಿಸಿ. ಒಂಬತ್ತು ದಿನದ್ದೋ ಹನ್ನೊಂದು ದಿನದ್ದೋ ನನಗಾಗಿ ನಿಲ್ಲಿಸಿ ಕೂತಾರು, ಅತ್ತಿಗೆಗೆ ಇನ್ನಷ್ಟು ಸಂಕಟ ಅಂತ.

ಯಾಕೆ ಹೊರಡಲಿಲ್ಲ? ಹೋಗಿ ಮಣ್ಣಿನ ಗುಡ್ಡೆ ನೋಡುವುದಷ್ಟೇ ಉಳಿದಿತ್ತು ಅಂತ. ಅದು ನಿಜ. ಆಗಸ್ಟ್ ೨೮ಕ್ಕೆ ಸರ್ಟಿಫಿಕೇಟ್, ನಡುವೆ ಬಿಟ್ಟು ಹೋದರೆ ಅದಿಲ್ಲ. ಇದೂ ನಿಜ. ಯಾವುದು ಎಷ್ಟು ಅಂತ ನನ್ನನ್ನು ನಾನೇ ಕೇಳಿಕೊಳ್ಳಲು ಹೆದರಿಕೆ.

೨೧ ಜುಲೈ, ಮಂಗಳವಾರ

ತಲೆ ಬೋಳಿಸಿಕೊಂಡೆ. ಸಿಗ್ರೀದ್ ಕತ್ತರಿ ಹಿಡಿದರು, ಯಾಕೆ ಅಂತ ಕೇಳಲಿಲ್ಲ. ಹಲ್ವರ್ ದೋಣಿ ನಡೆಸುತ್ತಾರೆ. ನಾನು ಬಲೆ ಬಿಡುತ್ತೇನೆ. ಹೊತ್ತು ಮುಳುಗುವುದೇ ಇಲ್ಲ ಈ ದೇಶದಲ್ಲಿ. ಅಳಲಿಕ್ಕೆ ಕತ್ತಲೆಯಾದರೂ ಬೇಡವೇ?

ಪುಸ್ತಕದಲ್ಲಿ ಬರೆದೆ: ಬಿಸಿಲು. ಮೂವತ್ತೊಂದು ಮೀನು. ಅಣ್ಣನ ಎಂಟನೆಯ ದಿನ.

೩೦ ಜುಲೈ, ಗುರುವಾರ

ಇವತ್ತು ನಕ್ಕೆ. ಬರೆಯಲಿಕ್ಕೂ ನಾಚಿಕೆ. ಗಾಳಕ್ಕೆ ದೊಡ್ಡ ಟ್ರೌಟ್ ಬಿತ್ತು, ಎರಡು ಕಿಲೋ ಮೇಲೆ. ಎಳೆಯುವಾಗ ಹಲ್ವರ್ ದೋಣಿಯಲ್ಲಿ ಜಾರಿ ಕಾಫಿಯ ಕೆಟಲ್ ಮೇಲೆ ಕೂತರು. ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಈ ಬೇಸಿಗೆಯ ದೊಡ್ಡ ಮೀನು ನನ್ನದೇ ಅಂತ ಪುಸ್ತಕದಲ್ಲಿ ಹಲ್ವರ್ ಕೆಂಪು ಶಾಯಿಯಲ್ಲಿ ಬರೆದರು. ಅಣ್ಣ ಹೋಗಿ ಹದಿನೇಳು ದಿನ. ಜೀವ ಎಷ್ಟು ಬೇಗ ಮೊದಲಿನ ದಾರಿ ಹಿಡಿಯುತ್ತದೆ.

೩ ಆಗಸ್ಟ್, ಸೋಮವಾರ. ಶಾಲೆ

ರಜೆ ಮುಗಿಸಿ ಬಂದೆವು. ನನ್ನ ಹೆಸರಿನ ಗೂಡಿನಲ್ಲಿ ಎರಡು ಪತ್ರ, ಮಾನಮ್ಮನದು.

ಮೊದಲನೆಯದು ಜುಲೈ ೧೫ರದು. ಭಾವನನ್ನು ಮಾನ್ವಿಯ ದವಾಖಾನೆಗೆ ಸೇರಿಸಿದ್ದಾರೆ. ಮೈ ಕೈ ಬಾತಿದೆ, ಮೂತ್ರದ ತೊಂದರೆ. ಪೀರಾ ಸಾಬರು ತಾರು ಕೊಟ್ಟಿದ್ದಾರೆ, ಇಷ್ಟರಲ್ಲಿ ಮುಟ್ಟಿರಬೇಕು. ನಿಮ್ಮನ್ನೇ ಕೇಳುತ್ತಾರೆ. ಯಾರ ಚಪ್ಪಲಿ ಸಪ್ಪಳವಾದರೂ ಬಾಗಿಲ ಕಡೆ ನೋಡುತ್ತಾರೆ. ಮಾತು ಬಿಟ್ಟದ್ದು ತಪ್ಪಾಯಿತು, ತಮ್ಮ ಬಂದರೆ ಮೊದಲು ನಾನೇ ಮಾತಾಡಿಸುತ್ತೇನೆ ಅಂತ ಹೇಳುತ್ತಿದ್ದಾರೆ. ಬೇಗ ಬನ್ನಿ.

ಎರಡನೆಯದು ಜುಲೈ ೨೩. ಬಾವು ಇಳಿದಿತ್ತು, ಇನ್ನೊಂದು ವಾರ ಇದ್ದರೆ ಕಳಿಸುತ್ತೇನೆ ಅಂತ ಡಾಕ್ಟರು ಹೇಳಿದ್ದರು. ಮಂಗಳವಾರ ಭಾವ ಹಟ ಮಾಡಿ ಎದ್ದು ಮನೆಗೆ ಹೋಗಿಬಿಟ್ಟರು. ಗುಳಿಗೆ ಮುಟ್ಟುತ್ತಿಲ್ಲವಂತೆ. ಯಾಕೆ ಅಂತ ಯಾರೂ ನನಗೆ ಹೇಳುವುದಿಲ್ಲ. ಪೀರಾ ಸಾಬರು ನನ್ನ ಮುಖ ನೋಡುವುದಿಲ್ಲ.

ಬದುಕಿದ್ದ. ನಾನು ಸರೋವರದಲ್ಲಿ ಮುಳುಗಿ ಅಳುವಾಗ ಬದುಕಿದ್ದ. ತಲೆ ಬೋಳಿಸುವಾಗ ಬದುಕಿದ್ದ. ಹಲ್ವರ್ ಕೀಲಿ ಹಿಡಿದು ನಿಂತಾಗ ಹೊರಟಿದ್ದರೆ... ರವಿವಾರ ಬಾಂಬೆ, ಸೋಮವಾರ ರಾಯಚೂರು. ಸೋಮವಾರ ಸಂಜೆಗೆ ಅಣ್ಣನ ಮಂಚದ ಹತ್ತಿರ ಇರುತ್ತಿದ್ದೆ.

ಅಯ್ಯೋ ದೇವರೇ! ಅಲ್ಲಿಗೆ ಹೋದದ್ದು ನನ್ನ ತಾರು.

ಈಗಲೇ ಓಡಬೇಕು. ಹೊರಟು ಬರುತ್ತಿದ್ದೇನೆ ಅಂತ ತಾರು ಕೊಟ್ಟೆ. ಅಣ್ಣ ಹೇಗಿದ್ದಾನೆ ತಿಳಿಸಿ ಅಂತಲೂ ಬರೆದೆ. ಹಲ್ವರ್ ಟಿಕೆಟ್ಟಿಗೆ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ನಾನು ಆವತ್ತೇ ಹೇಳಿದ್ದೆ ಅಂತ ಒಂದು ಮಾತು ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

೫ ಆಗಸ್ಟ್, ಬುಧವಾರ

ಪೀರಾ ಸಾಬನ ಉತ್ತರ ಬಂತು. ತಾಯಣ್ಣ ಮೂವತ್ತಕ್ಕೆ ಸತ್ತ.

ನಮ್ಮ ಕಡೆಯಿಂದ ಬಂದ ತಾರಿನಲ್ಲಿ ಸತ್ತ ಅನ್ನುವ ಶಬ್ದ ನೋಡಿದ್ದು ಇದೇ ಮೊದಲು. ಸಿಟ್ಟಿನಿಂದಲೇ ಬರೆಸಿರಬೇಕು.

ಮೂವತ್ತು. ಈ ಡೈರಿಯ 'ಇವತ್ತು ನಕ್ಕೆ' ಅನ್ನುವ ಪುಟ.

೧೩ ಆಗಸ್ಟ್, ಗುರುವಾರ. ಮಾನ್ವಿ

ನಿನ್ನೆ ರಾಯಚೂರು. ಆಫೀಸಿಗೆ ಹೋಗಲಿಲ್ಲ. ಸರ್ಟಿಫಿಕೇಟ್ ಇಲ್ಲ, ಅದರ ನೆನಪೂ ಬೇಡ. ಇವತ್ತು ಮೊದಲ ಬಸ್ಸಿಗೆ ಮಾನ್ವಿ. ದಾರಿಯಲ್ಲಿ ಗದ್ದೆ ನಾಟಿ ನಡೆದಿತ್ತು. ಸಾಲಿನಲ್ಲಿ ಬಗ್ಗಿದವರ ಬೆನ್ನು ಒಂದೊಂದಾಗಿ ನೋಡುತ್ತಾ ಬಂದೆ. ಯಾಕೆ ನೋಡಿದೆನೋ.

ಪೀರಾ ಸಾಬ್ ಪಂಕ್ಚರ್ ಹಚ್ಚುತ್ತಿದ್ದ. ತಲೆ ಎತ್ತಲಿಲ್ಲ. ಅಂಗಡಿಯ ಮುಂದೆ ನೆಲದ ಮೇಲೆ ಕೂತೆ. ಎರಡು ತಾಸು ಕೂತಿರಬೇಕು. ಕೊನೆಗೆ ಟ್ಯೂಬು ಕೆಳಗೆ ಒಗೆದು ತಾನೇ ಕೇಳಿದ, ಬದುಕಿದ ಅಣ್ಣನಿಗೆ ಮಣ್ಣು ಕೊಡಿ ಅಂತ ಬರೆಯಲು ನಿನಗೆ ಕೈ ಹೇಗೆ ಬಂತು?

ಹೇಳಿದೆ. ಸೀರಿಯಸ್ ಅಂತ ಇತ್ತು, ಹೋಗಿಬಿಟ್ಟಿದ್ದಾನೆ ಅಂದುಕೊಂಡೆ. ನಮ್ಮಲ್ಲಿ ಹಾಗೆ ತಾನೇ ಬರೆಯುವುದು ಅಂದೆ.

ಪೀರಾ ಸಾಬ್ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ಕುಕ್ಕರಿಸಿದ. ಅವನ ಅಪ್ಪ ಸತ್ತಾಗಲೂ ತಾರು ಹಾಗೇ ಬಂದಿತ್ತಂತೆ, ಅತ್ತೆ ಸತ್ತಾಗಲೂ. ಪೋಸ್ಟಿನ ಮುಂದೆ ಅರ್ಜಿ ಬರೆಯುವವನು ಏನು ಬರೆಯಲಿ ಅಂದಾಗ, ಎಲ್ಲರೂ ಬರೆಸುತ್ತಾರಲ್ಲ ಹಾಗೇ ಬರಿ ಅಂದನಂತೆ. ‘ಜೀವಂತ ಅದಾನ ಅಂತ ಒಂದು ಮಾತು ನಾ ಹಾಕಿಸ್ಬೇಕಾಗಿತ್ತು. ಯಾ ಅಲ್ಲಾ, ನನ್ನ ತಲಿಗೆ ಹೊಳೀಲಿಲ್ಲ’ ಅಂದ.

ಉಳಿದದ್ದನ್ನೂ ಅವನೇ ಹೇಳಿದ. ನನ್ನ ತಾರು ಸೋಮವಾರ, ೨೦ಕ್ಕೆ ಮುಟ್ಟಿತು. ನಾನು ಬರುವ ತಾರೀಖು ಬರೆದಿದ್ದೇನೆ ಅಂತ ತಿಳಿದು ಅಂಗಡಿ ಬಿಟ್ಟು ದವಾಖಾನೆಗೆ ಓಡಿದ. ತಮ್ಮನ ತಾರು ಬಂತು ಅಂದ ಕೂಡಲೇ ಅಣ್ಣ ಎದ್ದು ಕೂತ, ಎಂಟು ದಿನದಲ್ಲಿ ಮೊದಲ ಸಲ ನಕ್ಕ. ಕಂಪೌಂಡರನನ್ನು ಕರೆದು ಓದಿಸಿದರು. ಆತ ಒಂದು ಸಾಲು ಓದಿ ನಿಲ್ಲಿಸಿದನಂತೆ. ಅಣ್ಣ ಪೂರ್ತಿ ಓದು ಅಂದ. ಇನ್ನೊಮ್ಮೆ ಓದು ಅಂದ. ಮರುದಿನ ಮುಂಜಾನೆ ಚಾದರ ಮಡಚಿ ಇಟ್ಟು ಮನೆಗೆ ಹೊರಟುನಿಂತ. ಯಾರು ತಡೆದರೂ ಕೇಳಲಿಲ್ಲ. ಪೀರಾ ಸಾಬನಿಗೆ ನನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ಇನ್ನೊಂದು ತಾರು ಕೊಡುವ ಮಾತೇ ಎತ್ತಲಿಲ್ಲ, ಮಾನಮ್ಮನಿಗೂ ಹೇಳಲಿಲ್ಲ.

ಯಾಕೆ ಎದ್ದು ಹೋದ, ನನ್ನನ್ನು ಬೈದನೇ ಅಂತ ಕೇಳಿದೆ. ಅದನ್ನು ನಿಮ್ಮ ಅತ್ತಿಗೆಯ ಬಾಯಿಂದಲೇ ಕೇಳು ಅಂದ. ಸೈಕಲ್ಲಿಗೆ ತಾನೇ ಗಾಳಿ ಹೊಡೆದು ಕೊಟ್ಟ. ಹತ್ತಲಿಲ್ಲ, ಗೋಡೆಗೆ ಒರಗಿಸಿಟ್ಟೆ. ಇಲ್ಲೇ ಅಂಗಡಿಯ ಹಿಂದೆ ಮಲಗುತ್ತೇನೆ.

೧೪ ಆಗಸ್ಟ್, ಶುಕ್ರವಾರ. ಚೀಕಲಪರ್ವಿ

ಮೊದಲು ಮಣ್ಣಿಗೆ ಹೋದೆ. ಹೊಳೆಯಿಂದ ಸ್ವಲ್ಪ ಮೇಲೆ, ಜಾಲಿಯ ಗಿಡದ ಹತ್ತಿರ. ಮಳೆಗೆ ಗುಡ್ಡೆ ಆಗಲೇ ಕುಸಿದಿದೆ. ಕೈಯಿಂದ ಮಣ್ಣು ಏರಿಸಿದೆ. ಕಾಲು ಯಾವ ಕಡೆ ಅಂತ ಅಲ್ಲಿ ಕುರಿ ಮೇಯಿಸುವವನನ್ನು ಕೇಳಬೇಕಾಯಿತು. ಆ ಕಡೆ ತಲೆಯಿಟ್ಟು ಬಿದ್ದುಕೊಂಡೆ. ಅಣ್ಣ ತಿರುಗಲಿಲ್ಲ.

ಅತ್ತಿಗೆ ಬಾಗಿಲಲ್ಲೇ ಕೂತಿದ್ದಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಅಂದುಕೊಂಡು ಹೋಗಿದ್ದೆ. ಹೊಡೆದರೆ ಹೊಡೆಸಿಕೊಳ್ಳುವುದು ಅಂತ. ಒಳಗೆ ಕರೆದಳು. ಚಾಪೆ ಹಾಸಿದಳು. ತಂಬಿಗೆಯಲ್ಲಿ ನೀರು ಕೊಟ್ಟಳು. ಎಷ್ಟು ಬಡಕಲಾದಿ ಅಂದಳು.

ಕಾಲು ಹಿಡಿದು ಅತ್ತೆ. ಬಿಡಿಸಿಕೊಂಡು ಎಬ್ಬಿಸಿ ಕೂಡಿಸಿದಳು. ಆಮೇಲೆ ತಾನೇ ಹೇಳತೊಡಗಿದಳು, ಅಳದೆ, ಒಂದೊಂದಾಗಿ. ಡಾಕ್ಟರು ಉಳಿಯುತ್ತಾನೆ ಅಂದಿದ್ದರು. ಅಣ್ಣ ಗಂಜಿ ಕುಡಿಯುತ್ತಿದ್ದ, ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದಿದ್ದ. ತಾರು ಓದಿದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ತಮ್ಮನಿಗೆ ನಿಮ್ಮ ಮೇಲೆ ಇನ್ನೂ ಸಿಟ್ಟಿರಬೇಕು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂತ ಇವಳು ಅಂದಳಂತೆ. ಅದಕ್ಕೆ ಅಣ್ಣ ಸಿಟ್ಟಾದನಂತೆ, ಇವಳ ಮೇಲೆ. ಅವನು ಅಂದ ಮಾತನ್ನು ಅವಳು ಹೇಳಿದ ಹಾಗೇ ಬರೆಯುತ್ತೇನೆ.

‘ಅಯ್ಯಪ್ಪ ಸಿಟ್ಟಿಲೆ ಬರಿಯಾವಲ್ಲ. ಓದಿದಾವ ಅದಾನ, ಗೊತ್ತಿಲ್ದ ಏನೂ ಬರಿಯಂಗಿಲ್ಲ. ಡಾಕ್ಟರು ನಮಗ ಮುಚ್ಚಿಟ್ಟು ಅವಗ ಖರೇ ಹೇಳ್ಯಾರ. ನಾ ಉಳಿಯಂಗಿಲ್ಲ. ನಡಿ, ಮನ್ಯಾಗರ ಸಾಯ್ತೀನಿ.’

ಅಷ್ಟೇ. ಗುಳಿಗೆ ಕೊಟ್ಟರೆ ಯಾಕೆ ದಂಡ ಮಾಡುತ್ತೀ ಅನ್ನುತ್ತಿದ್ದನಂತೆ. ಒಂಬತ್ತು ದಿನ. ಬಂದವರಿಗೆಲ್ಲ ಹೇಳಿದನಂತೆ, ತಮ್ಮ ಅಷ್ಟು ದೂರದಿಂದ ನನ್ನ ಕಾಳಜಿ ಮಾಡಿ ಮೊದಲೇ ತಿಳಿಸಿದ, ಅವನು ಬರಲಿಲ್ಲ ಅಂತ ಯಾರೂ ಏನೂ ಅನ್ನಬೇಡಿ ಅಂತ.

ಎದ್ದು ಹೊರಗೆ ಹೋಗಬೇಕು ಅಂದುಕೊಂಡೆ. ಅತ್ತಿಗೆ ಕೈ ಹಿಡಿದು ಕೂಡಿಸಿದಳು. ಮುಖದಲ್ಲಿ ಸಿಟ್ಟಿಲ್ಲ, ಕುಹಕವಿಲ್ಲ. ಇಷ್ಟು ದಿನ ಕೇಳಬೇಕು ಅಂತ ಇಟ್ಟುಕೊಂಡಿದ್ದನ್ನು ಕೇಳಿದಳು.

‘ಡಾಕ್ಟರಿಗೇ ತಿಳೀಲಿಲ್ಲ. ನಿನಗ ಅಲ್ಲಿದ್ದು ಹೆಂಗ ತಿಳೀತಪ್ಪಾ, ಅವರು ಉಳಿಯಂಗಿಲ್ಲ ಅಂತ?’

ಕೇಳಿ ನನ್ನ ಬಾಯಿಯನ್ನೇ ನೋಡುತ್ತಾ ಕೂತಳು. ಓದಿದವನು ಹೇಳುತ್ತಾನೆ ಅಂತ. ನನಗೆ ಏನೂ ತಿಳಿದಿರಲಿಲ್ಲ, ಅಣ್ಣ ಸುಮ್ಮನೆ ಸತ್ತ ಅಂತ ಹೇಳಬೇಕು. ಹೇಳಿದರೆ ಇವಳಿಗೆ ಉಳಿಯುವುದೇನು? ಹೇಳದಿದ್ದರೆ ಊರೆಲ್ಲ ನನ್ನನ್ನು ಎಲ್ಲ ಬಲ್ಲವನು ಅಂತ ಕೊಂಡಾಡುತ್ತದೆ. ಅತ್ತಿಗೆವ್ವಾ ಅಂದೆ. ಹೂಂ ಅಂದಳು. ನಾನು ಅಂದೆ, ನನಗೆ ಏನೂ ತಿಳಿದಿರಲಿಲ್ಲ, ಅಣ್ಣ ಸತ್ತೇಹೋದ ಅಂದುಕೊಂಡು ಬರೆದುಬಿಟ್ಟೆ.